ಗಳಿಗೆ ತಪ್ಪದ ಆಳು

ರಾತ್ರಿ ಹನ್ನೆರಡರ ಹೊತ್ತಿಗೆ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ. ಗುಮಾಸ್ತರು ತಮ್ಮ ತಮ್ಮ ಮನೆಗಳಲ್ಲಿ ಸುಖನಿದ್ರೆಯಲ್ಲಿರುತ್ತಾರೆ. ಆದರೂ ಬಡ್ಡಿಯ ಲೆಕ್ಕ, ಸಾಲದ ಕಂತು, ಮರುದಿನದ ಪಟ್ಟಿ ಎಲ್ಲವೂ ಮೊದಲೇ ಗೊತ್ತುಮಾಡಿದ ಗಳಿಗೆಗೆ ಕಂಪ್ಯೂಟರಿನಲ್ಲಿ ತಾವಾಗಿಯೇ ಸಿದ್ಧವಾಗುತ್ತವೆ. ಇಂಥ ಆಳು ಯಾರಿಗೆ ಬೇಡ? ಅದು ಕೂಲಿ ಕೇಳದು, ಹಬ್ಬಕ್ಕೆ ಊರಿಗೆ ಹೊರಡದು. ಅದರಲ್ಲಿರುವ ಕೊರತೆ ಒಂದೇ. ಅಪ್ಪಣೆ ಕೊಟ್ಟವನು ಯಾರು, ಕೊಡುವ ಅಧಿಕಾರ ಅವನಿಗೆ ಇನ್ನೂ ಉಂಟೇ ಎಂದು ಅದು ವಿಚಾರಿಸುವುದಿಲ್ಲ.

1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯಲ್ಲಿ ಹುಟ್ಟಿದ ‘ಕ್ರಾನ್’ ಈ ಆಳುಗಳಲ್ಲಿ ಹಿರಿಯ. ಇಂದಿಗೂ ಅಸಂಖ್ಯ ಯಂತ್ರಗಳಲ್ಲಿ ಅದು ದುಡಿಯುತ್ತಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಗಗಳನ್ನು ಬರೆದು, ಮುಂದೆ ಮಾಡಬೇಕಾದ ಕೆಲಸವನ್ನು ಹೇಳಿದರೆ ಸಾಕು. ಐದೇ ಅಂಗಗಳಾದ್ದರಿಂದ ಇದನ್ನು ಯಂತ್ರದ ಪಂಚಾಂಗವೆಂದರೂ ಸಲ್ಲುತ್ತದೆ. ರಾಹುಕಾಲವೊಂದನ್ನು ಮಾತ್ರ ಅದು ಲೆಕ್ಕಿಸದು.

ಈ ಪಂಚಾಂಗವನ್ನು ಯಾರು ಬರೆಯಬಹುದು? ಅದಕ್ಕಾಗಿ ಎರಡು ಕಡತಗಳಿವೆ. ‘ಕ್ರಾನ್.ಅಲೋ’ ಎಂಬುದು ಅನುಮತಿ ಪಡೆದವರ ಪಟ್ಟಿ; ‘ಕ್ರಾನ್.ಡಿನೈ’ ಎಂಬುದು ಅನುಮತಿ ಇಲ್ಲದವರ ಪಟ್ಟಿ. ಮೊದಲನೆಯದು ಇದ್ದರೆ ಅದರಲ್ಲಿ ಹೆಸರಿರುವವರಿಗೆ ಮಾತ್ರ ಪ್ರವೇಶ; ಎರಡನೆಯದನ್ನು ಆಗ ಯಾರೂ ತೆರೆದು ನೋಡುವುದಿಲ್ಲ. ಮದುವೆಮನೆಯಲ್ಲಿ ಕರೆಯೋಲೆ ಇದ್ದವರನ್ನಷ್ಟೇ ಒಳಗೆ ಬಿಟ್ಟಂತೆ. ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ ಈ ಪಟ್ಟಿಗಳು ಕಾಯುವುದು ಲೇಖನಿಯನ್ನು, ಬರೆದದ್ದನ್ನಲ್ಲ. ಒಬ್ಬನ ಹೆಸರನ್ನು ಇಂದು ಹೊಡೆದುಹಾಕಿದರೆ ಅವನು ಹೊಸದಾಗಿ ಬರೆಯಲಾರ. ನಿನ್ನೆ ಬರೆದಿಟ್ಟದ್ದು ನಾಳೆಯೂ ನಡೆಯುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ದಾರಿ ಇನ್ನೊಂದಿದೆ. ಅದನ್ನು ತೋರಿಸಿಕೊಟ್ಟದ್ದು ಅಮೆರಿಕದ ಗೃಹಸಾಲ ಸಂಸ್ಥೆಯಾದ ಫ್ಯಾನಿ ಮೇ. ಅಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಒಬ್ಬ ಇಂಜಿನಿಯರನನ್ನು 2008ರ ಅಕ್ಟೋಬರ್ 24ರಂದು ಕೆಲಸದಿಂದ ತೆಗೆದರು. ತೆಗೆದದ್ದು ಮಧ್ಯಾಹ್ನ, ಯಂತ್ರಗಳ ಪ್ರವೇಶವನ್ನು ಹಿಂತೆಗೆದುಕೊಂಡದ್ದು ರಾತ್ರಿ. ನಡುವಿನ ಹೊತ್ತು ಅವನಿಗೆ ಸಾಕಾಯಿತು. ಅವನು ಹೊಸ ವೇಳಾಪಟ್ಟಿಯನ್ನೇನೂ ಬರೆಯಲಿಲ್ಲ. ಪ್ರತಿದಿನ ಬೆಳಗ್ಗೆ ನಿಯಮದಂತೆ ನಡೆಯುತ್ತಿದ್ದ ಒಂದು ಸಾಧು ಸ್ಕ್ರಿಪ್ಟಿನ ಕೊನೆಯಲ್ಲಿ ಖಾಲಿ ಸಾಲುಗಳನ್ನು ಬಿಟ್ಟು, ಅವುಗಳ ಅಡಿಯಲ್ಲಿ ತನ್ನ ವಿಷವನ್ನು ಅಡಗಿಸಿಟ್ಟ. 2009ರ ಜನವರಿ 31 ಬಂದೊಡನೆ ಸುಮಾರು 4,000 ಸರ್ವರುಗಳಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗಬೇಕೆಂಬುದು ಅದರ ಆದೇಶ. ಐದು ದಿನಗಳ ತರುವಾಯ ಇನ್ನೊಬ್ಬ ಹಿರಿಯ ಇಂಜಿನಿಯರು ಆ ಸ್ಕ್ರಿಪ್ಟನ್ನು ಕೊನೆಯವರೆಗೆ ಸರಿಸಿ ನೋಡಿದ್ದರಿಂದ ಲಕ್ಷಾಂತರ ಕುಟುಂಬಗಳ ಮನೆಸಾಲದ ಲೆಕ್ಕ ಉಳಿಯಿತು. ತಪ್ಪಿತಸ್ಥನಿಗೆ 2010ರಲ್ಲಿ 41 ತಿಂಗಳ ಸೆರೆವಾಸವಾಯಿತು.

ಹೀಗಾಗಿ ವೇಳಾಪಟ್ಟಿಗೆ ಬೀಗ ಹಾಕಿ, ಅದು ಕರೆಯುವ ಕಡತವನ್ನು ಬೀದಿಯಲ್ಲಿ ಬಿಟ್ಟರೆ ಪ್ರಯೋಜನವೇನು? ಯೂನಿಕ್ಸಿನಲ್ಲಿ ಸರ್ವಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ನಡೆಯುವ ಸ್ಕ್ರಿಪ್ಟನ್ನು ಒಬ್ಬ ಸಾಮಾನ್ಯ ಬಳಕೆದಾರ ತಿದ್ದಬಲ್ಲನಾದರೆ, ಆ ಗಳಿಗೆಗೆ ಅವನೇ ರೂಟ್. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಆರಂಭವಾದ ಏರ್‌ಫ್ಲೋ ಈ ವಂಶದ ಕಿರಿಯ ಕುಡಿ. ಕೆಲಸವನ್ನು ನೋಡಬಲ್ಲವರು, ನಡೆಸಬಲ್ಲವರು, ಸಂಪರ್ಕಗಳನ್ನು ತಿದ್ದಬಲ್ಲವರು, ಎಲ್ಲಕ್ಕೂ ಒಡೆಯರು ಎಂದು ಅದರಲ್ಲಿ ಅಂದವಾದ ಶ್ರೇಣಿಗಳಿವೆ. ಆದರೆ ಕೆಲಸದ ಕಡತವನ್ನು ಬರೆಯುವವನನ್ನು ಈ ಪರದೆಯ ಮೇಲಿನ ಶ್ರೇಣಿ ತಡೆಯಲಾರದು. ಅವನನ್ನು ನಂಬಿಯೇ ನಡೆಯಬೇಕು, ಇಲ್ಲವೇ ಅವನು ಬರೆದದ್ದನ್ನು ಮತ್ತೊಬ್ಬರು ಓದಿದ ಮೇಲೆಯೇ ಒಳಗೆ ಬಿಡಬೇಕು. ಓದುವ ಕೆಲಸ ಬೇಸರದ್ದೇ. ಆದರೂ ಫ್ಯಾನಿ ಮೇಯನ್ನು ಉಳಿಸಿದ್ದು ಅದೇ.

ಆಫೀಸು ಬಿಡುವವರಿಗೆ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಗುರುತಿನ ಚೀಟಿಯನ್ನೂ ಬೀರುವಿನ ಬೀಗದ ಕೈಯನ್ನೂ ಮರೆಯದೆ ಕೇಳಿ ಪಡೆಯುತ್ತಾರೆ. ಅವರ ಹೆಸರಿನಲ್ಲಿ ನಡುರಾತ್ರಿ ಏನೇನು ನಡೆಯುತ್ತಿದೆ ಎಂದು ಕೇಳುವವರು ಕಡಿಮೆ. ಕ್ರಾನ್‌ನಲ್ಲಿ ಯಾವ ಬಳಕೆದಾರನ ಪಟ್ಟಿಯನ್ನಾದರೂ ತೆರೆದು ನೋಡಲು ರೂಟ್‌ಗೆ ಒಂದು ಸಾಲಿನ ಆಜ್ಞೆ ಸಾಕು. ಚಹಾ ಆರುವುದರೊಳಗೆ ಓದಿ ಮುಗಿಸಬಹುದು.