ಕಾಳಿ ಕಥೆ 4: ನೀಲಿ ಬಣ್ಣದ ಕೆಳಗೆ ಏನಿದೆ?

ಜೋಯಿಡಾ ಮ್ಯಾಪ್ ಝೂಮ್ ಮಾಡಿ ನೋಡ್ರಿ. ಅಣಶಿ, ದಾಂಡೇಲಿ ಕಾಡು ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಪೂರಾ ಹಸಿರು. ಸೂಪಾ ಹಿನ್ನೀರು ಒಂದೇ ನೀಲಿ. ಆ ನೀಲಿಯೊಳಗೆ ಹಳೇ ಸೂಪಾ ಊರೇ ಮುಳುಗಿದೆ, ಮ್ಯಾಪಿಗೆ ಅದರ ಸುದ್ದಿನೇ ಇಲ್ಲ!

ನೀರಿನಡಿಯ ಮ್ಯಾಪ್ ಹೆಂಗೆ ಮಾಡ್ತಾರೆ? ಕಣ್ಣಿಗಿಂತ ಹೆಚ್ಚು ಕಿವಿಯಿಂದ. ದೋಣಿಗೆ ಕಟ್ಟಿದ ಸೋನಾರ್ ಕೆಳಗೆ ಶಬ್ದ ಕಳಿಸ್ತದೆ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡ್ತದೆ, ಹೋಗಿ ಬರೋಕೆ ಹಿಡಿದ ಹೊತ್ತಿಂದ ಆಳ ಸಿಗ್ತದೆ. ಬಂಡೆ ಗಟ್ಟಿಯಾಗಿ ಓಗೊಡ್ತದೆ, ಕೆಸರು ಮೆತ್ತಗೆ. ಆದ್ರೆ ಬಂಡೆ ಮೇಲೆ ಯಾರು ಬದುಕ್ತಾರೆ ಅಂತ ಸೋನಾರ್ ಹೇಳಲ್ಲ. ಅದಕ್ಕೆ ಕ್ಯಾಮೆರಾ ಇಳಿಸಬೇಕು, ಇಲ್ಲಾ ಮನುಷ್ಯರೇ ಮುಳುಗಬೇಕು.

ಇದರ ಉಪಯೋಗ ನಮ್ಮ ಜಿಲ್ಲೆಯ ಕಡಲಲ್ಲೇ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಸುತ್ತ ಹವಳ, ಬಣ್ಣಬಣ್ಣದ ಮೀನು. (ಸ್ಕೂಬಾ ರೀಲ್ಸ್ ನೋಡಿರ್ತೀರಿ ಬಿಡಿ.) ಬೋಟಿನ ಲಂಗರು ಹವಳದ ಮೇಲೆ ಬಿದ್ರೆ ವರ್ಷಗಟ್ಟಲೆ ಬೆಳೆದದ್ದು ಒಂದೇ ಏಟಿಗೆ ಮುರೀತದೆ. ಎಲ್ಲಿ ಹವಳ, ಎಲ್ಲಿ ಬರೀ ಮರಳು ಅಂತ ಮ್ಯಾಪ್ ಇದ್ರೆ ಲಂಗರು ಮರಳಿಗೆ ಬಿಡಬಹುದು. ನನ್ನ ಪ್ರಕಾರ ಹವಳದ ಫೋಟೋಕ್ಕಿಂತ ಈ ಮ್ಯಾಪೇ ಮುಖ್ಯ.

ನಮ್ಮ ಹೊಳೆಗೆ ಮಾತ್ರ ಒಂದು ಮ್ಯಾಪ್ ಸಾಲಲ್ಲ. ಸೂಪಾದಲ್ಲಿ ಕರೆಂಟಿಗಾಗಿ ನೀರು ಬಿಟ್ರೆ ಗಣೇಶಗುಡಿಯಲ್ಲಿ ರಾಫ್ಟಿಂಗ್ ಶುರು. ಕೆಳಗೆ ನೀರು ಏರಿದ ಕಡೆ ಮೊಸಳೆ ಬಿಸಿಲು ಕಾಯೋ ಬಂಡೆ ಮಾಯ. ಬೆಳಿಗ್ಗೆ ದಡ ಆಗಿದ್ದದ್ದು ಮಧ್ಯಾಹ್ನ ಹೊಳೆಯ ತಳ. ಯಾವ ಹೊತ್ತಿನ ಮ್ಯಾಪ್ ಬರೀಬೇಕು ಹೇಳ್ರಿ?

ಮುಂದಿನ ಕಂತು: ಕಾರವಾರದ ಅಳಿವೆ, ಕಾಂಡ್ಲಾ ಬೇರಿನ ಕೆಳಗೆ.