ಗುಲಾಬಿಯ ಊರಿನಲ್ಲಿ ಮಣ್ಣಿನ ಬಯಕೆ

"ಹೊಟ್ಟೆಗೆ ಅನ್ನ ತಿನ್ನುತ್ತೀಯೋ, ಮಣ್ಣು ತಿನ್ನುತ್ತೀಯೋ?" ಎಂದು ಗದರುವುದು ನಮ್ಮ ಕಡೆಯ ಹಿರಿಯರ ರೂಢಿ. ಲೆಕ್ಕ ತಪ್ಪಿದ ಹುಡುಗನಿಗೂ, ಹಾಲುಕ್ಕಿಸಿದ ಸೊಸೆಗೂ ಒಂದೇ ಬೈಗುಳ. ಕೇಳಿದವರು ಉತ್ತರವನ್ನು ಬಯಸುವುದಿಲ್ಲ. ಕೇಳಿಸಿಕೊಂಡವರು ಉತ್ತರ ಕೊಡುವುದೂ ಇಲ್ಲ. ಆದರೆ ಈ ಪ್ರಶ್ನೆಯನ್ನು ಒಮ್ಮೆ ನಿಜವಾಗಿಯೇ ಕೇಳಿ, ನಿಜವಾದ ಉತ್ತರವನ್ನು ಪಡೆದು, ಅದರಿಂದ ಲೋಕಕ್ಕೆಲ್ಲ ಉಪಕಾರವಾದ ಊರೊಂದುಂಟು. ಅದು ಪಾರಸಿಕ ದೇಶದ ಶಿರಾಜ್ ನಗರ.

ಕೆಲವು ವರ್ಷಗಳ ಹಿಂದೆ, ವಸಂತಕಾಲದಲ್ಲಿ, ನಾನು ಅಲ್ಲಿಗೆ ಹೋಗಿದ್ದೆ. ಇಸ್ಫಹಾನಿನಿಂದ ಹೊರಟ ಬಸ್ಸು ದಾರಿಯುದ್ದಕ್ಕೂ ಬೋಳುಗುಡ್ಡಗಳ ನಡುವೆ ಸಾಗಿತು. ಮಣ್ಣು, ಕಲ್ಲು, ಮತ್ತೆ ಮಣ್ಣು. ಹಸುರೆಂಬುದು ಕಣ್ಣಿಗೆ ಅಪರೂಪ. ಸಂಜೆಯ ಹೊತ್ತಿಗೆ ಬೆಟ್ಟಗಳ ಇಕ್ಕಟ್ಟಿನಲ್ಲಿ ನಿಂತಿರುವ ಖುರಾನ್ ದ್ವಾರವನ್ನು ದಾಟಿದೊಡನೆ ಕೆಳಗೆ ಊರು ತೆರೆದುಕೊಂಡಿತು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಬಯಲು. ತೋಟಗಳಲ್ಲಿ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ಗಾಳಿಯ ತುಂಬ ಕಹಿಕಿತ್ತಳೆಯ ಹೂವಿನ ಕಂಪು. ದಿನವಿಡೀ ಧೂಳು ಕುಡಿದು ಬಂದವನಿಗೆ ಆ ಊರನ್ನು ಕವಿಗಳು ಏಕೆ ಹಾಡಿ ಹೊಗಳಿದರೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಶಿರಾಜೆಂದರೆ ಸಾದಿ ಮತ್ತು ಹಾಫಿಜ್. ಹಾಫಿಜನ ಸಮಾಧಿಯ ಬಳಿ ಸಂಜೆಯಾದರೆ ಜಾತ್ರೆ. ಜನರು ಕಲ್ಲಿನ ಮೇಲೆ ಎರಡು ಬೆರಳಿಟ್ಟು ಮನಸ್ಸಿನಲ್ಲೇ ಏನನ್ನೋ ಹೇಳಿಕೊಳ್ಳುತ್ತಾರೆ. ಹೊರಗೆ ಚಿಕ್ಕ ಹಕ್ಕಿಯೊಂದನ್ನು ಹಿಡಿದ ಮುದುಕನಿರುತ್ತಾನೆ; ಹಕ್ಕಿ ಕೊಕ್ಕಿನಿಂದ ಎತ್ತಿಕೊಡುವ ಚೀಟಿಯಲ್ಲಿ ಹಾಫಿಜನ ಪದ್ಯ; ಅದೇ ನಿಮ್ಮ ಭವಿಷ್ಯ. ನಮ್ಮ ಗಿಳಿಶಾಸ್ತ್ರದವನನ್ನು ಕಂಡವರಿಗೆ ಆ ಮುದುಕ ಪರಕೀಯನೆನಿಸುವುದಿಲ್ಲ. ಈ ಕವಿಗೂ ಕನ್ನಡನಾಡಿಗೂ ಒಂದು ಎಳೆಯುಂಟು. ಕಲಬುರಗಿಯ ಬಹಮನಿ ಸುಲ್ತಾನನು ಹಾಫಿಜನನ್ನು ತನ್ನ ಆಸ್ಥಾನಕ್ಕೆ ಕರೆಸಿದನೆಂದೂ, ಹಾರ್ಮುಜಿನಲ್ಲಿ ಹಡಗು ಹತ್ತಿದ ಕವಿಯು ಬಿರುಗಾಳಿಗೆ ಹೆದರಿ ಇಳಿದು, ಒಂದು ಗಜಲನ್ನು ಮಾತ್ರ ಕಳುಹಿಸಿ ಮನೆಗೆ ಮರಳಿದನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ಹಾಫಿಜನನ್ನು ನೋಡಲೆಂದೇ ನಾನೂ ಹೋದದ್ದು. ಆದರೆ ಅಲ್ಲಿಂದ ಹೊತ್ತು ತಂದದ್ದು ಮಣ್ಣಿನ ಕಥೆಯನ್ನು.

ಅತ್ತಾರನ ಅಂಗಡಿ

ಊರಿನ ನಡುವೆ ವಕೀಲ್ ಬಜಾರು. ಹದಿನೆಂಟನೆಯ ಶತಮಾನದಲ್ಲಿ ಕರೀಂ ಖಾನನು ಕಟ್ಟಿಸಿದ ಇಟ್ಟಿಗೆಯ ಕಮಾನುಗಳ ಕೆಳಗೆ ಹೊರಗಿನ ಬಿಸಿಲು ಇಳಿಯುವುದಿಲ್ಲ. ರತ್ನಗಂಬಳಿ, ತಾಮ್ರದ ಪಾತ್ರೆ, ಕೇಸರಿ, ಒಣಗಿದ ಗುಲಾಬಿ ಮೊಗ್ಗು. ನಮ್ಮಲ್ಲಿ ಗ್ರಂಧಿಗೆ ಅಂಗಡಿಯವರಿರುವಂತೆ ಅಲ್ಲಿ ಅತ್ತಾರರು. ಬೇರು, ನಾರು, ಬೀಜ, ಅಂಟು ಎಲ್ಲವೂ ಅವರಲ್ಲಿ ಸಿಕ್ಕುತ್ತವೆ. ಅಂಥದೊಂದು ಅಂಗಡಿಯ ಮುಂದೆ, ಗೋರಂಟಿಯ ಚೀಲದ ಪಕ್ಕದಲ್ಲಿ, ಬೂದುಬಣ್ಣದ ಹೆಂಟೆಗಳನ್ನು ರಾಶಿ ಹಾಕಿದ್ದರು.

"ಇದೇನು?" ಎಂದೆ. ಜೊತೆಗಿದ್ದ ಸ್ಥಳೀಯ ವಿದ್ಯಾರ್ಥಿ ಕೇಳಿ ಹೇಳಿದ: "ಗೆಲ್-ಎ-ಸರ್‌ಶೂರ್. ತಲೆ ತೊಳೆಯುವ ಮಣ್ಣು." ನಮ್ಮ ಸೀಗೆಕಾಯಿಯ ಕೆಲಸವನ್ನು ಅಲ್ಲಿ ಈ ಮಣ್ಣು ಮಾಡುತ್ತಿತ್ತು. ಅಂಗಡಿಯ ಮುದುಕನು ಒಂದು ಹೆಂಟೆಯ ಮೇಲೆ ನೀರು ಚಿಮುಕಿಸಿ ನನ್ನ ಮೂಗಿನ ಬಳಿಗೆ ಹಿಡಿದ. ಮೊದಲ ಮಳೆ ಬಿದ್ದ ನೆಲದ ವಾಸನೆ! ಮುದುಕ ನಗುತ್ತ ಇನ್ನೊಂದು ಮಾತು ಸೇರಿಸಿದ. ವಿದ್ಯಾರ್ಥಿ ಅದನ್ನು ಹೇಳಲು ಸ್ವಲ್ಪ ಸಂಕೋಚಪಟ್ಟ. "ಕೆಲವು ಹೆಂಗಸರು ಇದನ್ನು ತಲೆಗೆಂದು ಕೊಳ್ಳುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ ಎನ್ನುತ್ತಿದ್ದಾನೆ."

ಆ ಕ್ಷಣದಲ್ಲಿ ನನಗೆ ನೆನಪಾದದ್ದು ನನ್ನ ಚಿಕ್ಕಮ್ಮ.

ನಾನು ಎರಡನೆಯ ತರಗತಿಯಲ್ಲಿದ್ದಾಗ ನನ್ನ ಬಳಪಗಳು ದಿನಕ್ಕೊಂದರಂತೆ ಮಾಯವಾಗುತ್ತಿದ್ದುವು. ಕಳೆದುಕೊಂಡು ಬಂದೆನೆಂದು ನನಗೇ ಏಟು. ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲ ಹಿಂದೆ ಕಟಕಟ ಎಂಬ ಸದ್ದು ಕೇಳಿ ಇಣುಕಿದರೆ, ಏಳು ತಿಂಗಳ ಬಸುರಿ ಚಿಕ್ಕಮ್ಮ ಕಣ್ಣು ಮುಚ್ಚಿ ಬಳಪವನ್ನು ಅಗಿಯುತ್ತಿದ್ದಳು. ನಾನು ಕೂಗಿಕೊಂಡೆ. ಮನೆಯವರೆಲ್ಲ ಸೇರಿದರು. ಯಾರು ನಕ್ಕರು, ಯಾರು ಬೈದರು ಎಂಬುದು ಈಗ ಬೇಡ. ಅಂದಿನಿಂದ ಬಳಪದ ಡಬ್ಬಿ ಬೀರುವಿನೊಳಗೆ ಸೇರಿತು. ಚಿಕ್ಕಮ್ಮ ಗೋಡೆಯ ಸುಣ್ಣವನ್ನು ಕೆರೆದು ತಿನ್ನತೊಡಗಿದಳು. ಹೆರಿಗೆಯಾದ ಮೇಲೆ ಮೂರು ತಿಂಗಳು ಹಾಸಿಗೆ ಹಿಡಿದಳು. ನೋಡಲು ಬಂದ ವೈದ್ಯರು "ಮೈಯಲ್ಲಿ ರಕ್ತವೇ ಇಲ್ಲವಲ್ಲ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ರಕ್ತಕ್ಕೂ ಬಳಪಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಕ್ಕರೆ ಕೊಳ್ಳಲು ಬಂದವನು

ಪಾರಸಿಕರಿಗೆ ಈ ಚಟ ಹೊಸದಲ್ಲ. ಈಶಾನ್ಯದ ನಿಶಾಪುರದಲ್ಲಿ ದೊರೆಯುತ್ತಿದ್ದ ತಿನ್ನುವ ಮಣ್ಣು ಮಧ್ಯಯುಗದಲ್ಲಿ ದೂರದೇಶಗಳಿಗೆ ಹೋಗುತ್ತಿದ್ದ ಹೆಸರಾಂತ ಸರಕು. ಹದಿಮೂರನೆಯ ಶತಮಾನದ ರೂಮಿಯು ತನ್ನ 'ಮಸ್ನವಿ'ಯಲ್ಲಿ ಮಣ್ಣುಬಾಕನ ಕಥೆಯೊಂದನ್ನೇ ಹೇಳಿದ್ದಾನೆ.

ಒಬ್ಬನು ಅತ್ತಾರನ ಅಂಗಡಿಗೆ ಸಕ್ಕರೆ ಕೊಳ್ಳಲು ಹೋಗುತ್ತಾನೆ. ಅಂಗಡಿಯವನ ತೂಕದ ಗುಂಡು ಇದೇ ತಲೆ ತೊಳೆಯುವ ಮಣ್ಣಿನದು. ಅವನು ಸಕ್ಕರೆ ಒಡೆದು ತರಲು ಒಳಗೆ ಹೋದಾಗ, ಗಿರಾಕಿ ಆಸೆ ತಡೆಯಲಾರದೆ ತಕ್ಕಡಿಯ ತೂಕವನ್ನೇ ಕದ್ದು ತಿನ್ನತೊಡಗುತ್ತಾನೆ. ಅಂಗಡಿಯವನು ಓರೆಗಣ್ಣಿನಿಂದ ನೋಡಿಯೂ ನೋಡದಂತೆ ಬೇಕೆಂದೇ ತಡಮಾಡುತ್ತಾನೆ. ತಿನ್ನಲಿ! ತೂಕ ಸವೆದಷ್ಟೂ ಕೊಡಬೇಕಾದ ಸಕ್ಕರೆ ಕಡಿಮೆ. ಕದ್ದೆನೆಂದುಕೊಂಡವನು ಕಳೆದುಕೊಳ್ಳುತ್ತಿದ್ದದ್ದು ತನ್ನ ಸಕ್ಕರೆಯನ್ನೇ.

ರೂಮಿಗೆ ಬೇಕಾಗಿದ್ದುದು ಅಧ್ಯಾತ್ಮದ ನೀತಿ. ಆದರೆ ಈ ಕಥೆಯು ಶರೀರಧರ್ಮಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದು ಏಳು ಶತಮಾನಗಳ ತರುವಾಯ ಶಿರಾಜಿನಲ್ಲಿಯೇ ಗೊತ್ತಾಯಿತು.

1958ರ ಒಬ್ಬ ರೋಗಿ

ಬಿಹಾರದ ಬಕ್ಸರಿನಲ್ಲಿ ಹುಟ್ಟಿ, ಪಟ್ನಾದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಅಮೆರಿಕದ ಮಿನೆಸೋಟಾದಲ್ಲಿ ಹೆಚ್ಚಿನ ಶಿಕ್ಷಣ ಪಡೆದ ಆನಂದ ಪ್ರಸಾದ್ ಎಂಬ ತರುಣ ವೈದ್ಯರು 1958ರಲ್ಲಿ ಶಿರಾಜಿಗೆ ಬಂದರು. ಆ ವರ್ಷದ ಶರತ್ಕಾಲದಲ್ಲಿ, ಊರಿನ ಸಾದಿ ಆಸ್ಪತ್ರೆಯಲ್ಲಿ, ಡಾಕ್ಟರ್ ಜೇಮ್ಸ್ ಹಾಲ್‌ಸ್ಟೆಡ್ ಎಂಬ ಅಮೆರಿಕನ್ ವೈದ್ಯರು ರಕ್ತಹೀನತೆಯ ರೋಗಿಯೊಬ್ಬನನ್ನು ಇವರಿಗೆ ತೋರಿಸಿದರು.

ರೋಗಿಯ ವಯಸ್ಸು 21. ನೋಡಿದರೆ ಹತ್ತು ವರ್ಷದ ಹುಡುಗ. ಮೀಸೆ ಮೂಡಿರಲಿಲ್ಲ; ಪ್ರಾಯದ ಯಾವ ಲಕ್ಷಣವೂ ಇರಲಿಲ್ಲ. ಚರ್ಮ ಒರಟು, ಮನಸ್ಸು ಮಂಕು. ಯಕೃತ್ತೂ ಗುಲ್ಮವೂ ಊದಿಕೊಂಡಿದ್ದುವು. ರಕ್ತದಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಆದರೆ ರಕ್ತಸ್ರಾವವೆಂಬುದು ಎಲ್ಲಿಯೂ ಇಲ್ಲ. ಹಾಗಾದರೆ ಕಬ್ಬಿಣ ಹೋದದ್ದೆಲ್ಲಿಗೆ? ಏನು ತಿನ್ನುತ್ತಾನೆಂದು ವಿಚಾರಿಸಲಾಗಿ, ಗೋಧಿಯ ರೊಟ್ಟಿಯ ಹೊರತು ಬೇರೆ ಆಹಾರವೇ ಇಲ್ಲವೆಂದೂ, ಮಾಂಸ ಮೊಟ್ಟೆಗಳ ಸೋಂಕಿಲ್ಲವೆಂದೂ ತಿಳಿಯಿತು. ಜೊತೆಗೆ ದಿನಕ್ಕೆ ಸುಮಾರು ಅರ್ಧ ಕಿಲೋಗ್ರಾಂ ಜೇಡಿಮಣ್ಣು!

ಒಬ್ಬನೇ ಆಗಿದ್ದರೆ ವಿಚಿತ್ರವೆಂದು ಬರೆದಿಟ್ಟು ಮರೆಯಬಹುದಾಗಿತ್ತು. ಆದರೆ ಸ್ವಲ್ಪ ಕಾಲದಲ್ಲಿಯೇ ಇಂಥ ಇನ್ನೂ ಹತ್ತು ಮಂದಿ ಆಸ್ಪತ್ರೆಗೆ ಬಂದರು. ಸುತ್ತಣ ಹಳ್ಳಿಗಳಲ್ಲಿ ಮಣ್ಣು ತಿನ್ನುವುದು ಸಾಮಾನ್ಯವಾಗಿತ್ತು. ಪ್ರಸಾದರು ಯೋಚಿಸಿದರು: ಕಬ್ಬಿಣದ ಕೊರತೆಯಿಂದ ರಕ್ತ ಕ್ಷೀಣಿಸಬಹುದು, ಆದರೆ ಬೆಳವಣಿಗೆಯೇ ನಿಲ್ಲಬೇಕೇಕೆ? ಪ್ರಯೋಗಶಾಲೆಯ ಇಲಿಗಳಿಗೆ ಸತುವಿನ ಅಂಶವಿಲ್ಲದ ಆಹಾರ ಕೊಟ್ಟರೆ ಅವು ಹೀಗೆಯೇ ಕುಳ್ಳಾಗಿ ಉಳಿಯುತ್ತವೆಂಬುದು ಆಗ ಗೊತ್ತಿತ್ತು. ಮನುಷ್ಯನಿಗೆ ಸತುವಿನ ಕೊರತೆ ಬರುವುದೆಂದು ಮಾತ್ರ ಯಾರೂ ನಂಬುತ್ತಿರಲಿಲ್ಲ. 1961ರಲ್ಲಿ ಈ ಊಹೆಯನ್ನು ಪ್ರಕಟಿಸಿದ ಪ್ರಸಾದರು ಅನಂತರ ಈಜಿಪ್ಟಿಗೆ ಹೋಗಿ, ಅಲ್ಲಿನ ಇಂಥ ರೋಗಿಗಳ ರಕ್ತ ಮತ್ತು ಕೂದಲುಗಳನ್ನು ಪರೀಕ್ಷಿಸಿ ಸತುವು ಕಡಿಮೆಯಿರುವುದನ್ನು ತೋರಿಸಿದರು. ಸತುವನ್ನು ಔಷಧಿಯಾಗಿ ಕೊಟ್ಟಾಗ ವರ್ಷಕ್ಕೆ ಐದಾರು ಅಂಗುಲ ಬೆಳೆದವರೂ ಇದ್ದರು.

ಆದರೂ ವಿದ್ವಾಂಸರು ಬಹುಕಾಲ ತಲೆಯಾಡಿಸಲಿಲ್ಲ. ಮನುಷ್ಯನ ಆಹಾರದಲ್ಲಿ ಸತುವು ಇಷ್ಟಿರಲೇಬೇಕೆಂದು ಅಮೆರಿಕದ ವಿಜ್ಞಾನ ಅಕಾಡೆಮಿಯು ಗೊತ್ತುಪಡಿಸಿದ್ದು 1974ರಲ್ಲಿ. ಮಕ್ಕಳ ಅತಿಸಾರಕ್ಕೆ ಉಪ್ಪುಸಕ್ಕರೆಯ ನೀರಿನೊಡನೆ ಸತುವಿನ ಮಾತ್ರೆಯನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಸಾರಿದುವು. ಇಂದು ನಮ್ಮ ಊರಿನ ಔಷಧಿ ಅಂಗಡಿಯಲ್ಲಿ ದೊರೆಯುವ ಆ ಚಿಕ್ಕ ಮಾತ್ರೆಯ ಹಿಂದೆ ಶಿರಾಜಿನ ಮಣ್ಣು ತಿಂದ ಹುಡುಗನಿದ್ದಾನೆ.

ಇನ್ನು ರೂಮಿಯ ತಕ್ಕಡಿ. ರೊಟ್ಟಿಯ ಹಿಟ್ಟಿನಲ್ಲಿ ಫೈಟೇಟ್ ಎಂಬ ವಸ್ತುವಿದೆ. ಹಿಟ್ಟನ್ನು ಹುಳಿಬರಿಸದೆ ಸುಟ್ಟರೆ ಅದು ಹಾಗೆಯೇ ಉಳಿದು ಸತುವನ್ನೂ ಕಬ್ಬಿಣವನ್ನೂ ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಕೆಲವು ಜೇಡಿಮಣ್ಣುಗಳ ಗುಣವೂ ಅದೇ. ಮಣ್ಣು ಕಬ್ಬಿಣವನ್ನು ತಡೆಯುವುದನ್ನು 1968ರಲ್ಲಿ ತುರ್ಕಿಯ ಮಣ್ಣುಗಳ ಪರೀಕ್ಷೆಯಲ್ಲಿ ಕಂಡರು. ರಕ್ತ ಕಡಿಮೆಯಾದವರಿಗೆ ಮಣ್ಣಿನ ಬಯಕೆ. ಮಣ್ಣು ತಿಂದಷ್ಟೂ ರಕ್ತ ಇನ್ನೂ ಕಡಿಮೆ. ಬಯಕೆ ಮೊದಲೋ ಕೊರತೆ ಮೊದಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಎರಡೂ ಜೊತೆಜೊತೆಗೇ ನಡೆಯುತ್ತವೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಮನೆಯ ಬಳಪ

ಈ ಬಯಕೆಗೆ ಪಾಶ್ಚಾತ್ಯ ವೈದ್ಯರು 'ಪೈಕಾ' ಎಂದು ಹೆಸರಿಟ್ಟಿದ್ದಾರೆ. ಕಂಡದ್ದನ್ನೆಲ್ಲ ಕೊಕ್ಕಿನಲ್ಲಿ ಎತ್ತುವ ಒಂದು ಹಕ್ಕಿಯ ಲ್ಯಾಟಿನ್ ಹೆಸರು ಅದು. ಮಣ್ಣು, ಬಳಪ, ಇದ್ದಿಲು, ಬೂದಿ, ಕಾಗದ, ಬಟ್ಟೆಗೆ ಹಾಕುವ ಗಂಜಿಪುಡಿ, ಕೊನೆಗೆ ಬರಿಯ ಮಂಜುಗಡ್ಡೆ, ಎಲ್ಲವೂ ಅದರ ಪಟ್ಟಿಯಲ್ಲಿವೆ. ದೇಶಭೇದವೂ ಇಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಪಿಂಗಾಣಿಗೆ ಬಳಸುವ ಬಿಳಿಮಣ್ಣನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ, "ತಿನ್ನುವುದಕ್ಕಲ್ಲ" ಎಂದು ಮೇಲೆ ಬರೆದು ಮಾರುತ್ತಾರೆ; ಕೊಳ್ಳುವವರು ತಿನ್ನುವುದಕ್ಕೇ ಕೊಳ್ಳುತ್ತಾರೆ. ಅದೇ ಅಮೆರಿಕದ ತೋಟಗಳಲ್ಲಿ ಹಿಂದೆ ಮಣ್ಣು ತಿಂದ ಗುಲಾಮರ ಬಾಯಿಗೆ ಒಡೆಯರು ಲೋಹದ ಮುಖವಾಡವನ್ನು ಬಿಗಿಸಿದ್ದುಂಟು. ಹಸಿವಿಗೆ ಮದ್ದು ಹುಡುಕುವುದಕ್ಕಿಂತ ಬಾಯಿಗೆ ಬೀಗ ಹಾಕುವುದು ಸುಲಭ.

ನಾವು ಮುಖವಾಡ ಹಾಕಲಿಲ್ಲ, ನಕ್ಕೆವು. ಕಾಳಿದಾಸನು ಹಾಗೆ ನಗಲಿಲ್ಲ. 'ರಘುವಂಶ'ದ ಮೂರನೆಯ ಸರ್ಗದಲ್ಲಿ ಬಸುರಿ ಸುದಕ್ಷಿಣೆಯು ಮಣ್ಣು ತಿನ್ನುತ್ತಾಳೆ; ದಿಲೀಪನು ಮಣ್ಣಿನ ಕಂಪುಳ್ಳ ಅವಳ ಮುಖವನ್ನು ಆಘ್ರಾಣಿಸಿ ತಣಿಯುವುದಿಲ್ಲ. ರಾಣಿಗಾದರೆ ಅದು ಕಾವ್ಯ. ಹಿತ್ತಿಲಲ್ಲಿ ಕುಳಿತ ಸೊಸೆಗಾದರೆ ನಾಚಿಕೆಗೇಡು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಬಳೆಯ ಅಂಚನ್ನೂ ಬಿಡದೆ ಕೆತ್ತಿದರು. ಅದೇ ಬಳಪವನ್ನು ನಮ್ಮ ಹೆಣ್ಣುಮಕ್ಕಳು ಇಂದಿಗೂ ಕದ್ದು ಕಡಿಯುತ್ತಾರೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡಿತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಮಂಜುಗಡ್ಡೆಯ ಚಟ ಹತ್ತಿದ ಎಷ್ಟೋ ಮಂದಿಗೆ ಕಬ್ಬಿಣದ ಔಷಧಿ ಕೊಡಲು ತೊಡಗಿದ ಕೆಲವೇ ದಿನಗಳಲ್ಲಿ ಆ ಬಯಕೆ ತಾನಾಗಿಯೇ ಬಿಟ್ಟುಹೋದದ್ದನ್ನು ವೈದ್ಯರು ಕಂಡಿದ್ದಾರೆ. ಮಣ್ಣಿನಲ್ಲಿ ಸೀಸದ ವಿಷವೂ ಹುಳುವಿನ ಮೊಟ್ಟೆಗಳೂ ಇರಬಹುದಾದ್ದರಿಂದ ತಿನ್ನುವವರನ್ನು ತಡೆಯಲೇಬೇಕು. ಆದರೆ ಮೊದಲು ರಕ್ತಪರೀಕ್ಷೆ, ಬುದ್ಧಿವಾದ ಆಮೇಲೆ.

ಊರಿಗೆ ಮರಳಿದ ಮೇಲೆ ಚಿಕ್ಕಮ್ಮನನ್ನು ನೋಡಲು ಹೋದೆ. ಈಗ ಅವಳಿಗೆ ಎಂಬತ್ತು ದಾಟಿದೆ. ಶಿರಾಜಿನ ಗುಲಾಬಿಯ ಒಣ ಮೊಗ್ಗುಗಳನ್ನು ಅವಳ ಕೈಗಿಟ್ಟು, ಅತ್ತಾರನ ಅಂಗಡಿಯ ಕಥೆಯನ್ನೂ, ಆಸ್ಪತ್ರೆಯ ಕಥೆಯನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

"ನಾನೇನು ಬೇಕೆಂದು ತಿಂದೆನೇನೋ?" ಎಂದಳು. "ಬಾಯಿ ನನ್ನದಾಗಿರಲಿಲ್ಲ. ಯಾಕೆ ತಿನ್ನುತ್ತೀಯೆ ಎಂದು ಎಲ್ಲರೂ ಗದರಿದರು. ಒಬ್ಬರಾದರೂ ಕೂತು ಕೇಳಲಿಲ್ಲ."

ಕೂಗಿ ಮನೆಯವರನ್ನೆಲ್ಲ ಸೇರಿಸಿದವನು ನಾನೇ ಎಂಬುದನ್ನು ಅವಳು ಹೇಳಲಿಲ್ಲ. ನನಗೂ ಹೇಳಲಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: "ಆ ಹುಡುಗ? ಆಮೇಲೆ ಬೆಳೆದನೇನೋ?"

ಶಿರಾಜಿನ ಆ ರೋಗಿಗಳಿಗೆ ಆಸ್ಪತ್ರೆಯಲ್ಲಿ ಒಳ್ಳೆಯ ಆಹಾರವನ್ನೂ ಕಬ್ಬಿಣವನ್ನೂ ಕೊಟ್ಟಾಗ ರಕ್ತ ತುಂಬಿ, ಪ್ರಾಯದ ಲಕ್ಷಣಗಳು ಮೂಡಿದುವೆಂದು ಪ್ರಸಾದರು ಬರೆದಿದ್ದಾರೆ.

"ಬೆಳೆದ, ಚಿಕ್ಕಮ್ಮ" ಎಂದೆ.