ಮೆಂಟೇನೆನ್ಸ್ ಫ್ರೀ ಗೋಡೆ

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ. ಸ್ಟ್ಯಾಂಡಪ್ ಮೀಟಿಂಗ್ ನಡೀತಿರುವಾಗ ಅಮ್ಮನ ಫೋನು. ಎರಡು ಸಲ ಕಟ್ ಮಾಡಿ ಮೂರನೇ ಸಲ ಎತ್ತಿದೆ.

"ಗೋಡೆ ಉಬ್ಬೈತಿ ನೋಡಪ್ಪ. ಹಪ್ಪಳ ಕರದಂಗ ಆಗೈತಿ. ನಿಮ್ಮಪ್ಪ ಮಂಚ ಈ ಕಡೆ ಎಳಕೊಂಡಾರ. ರಾತ್ರಿಯೆಲ್ಲ ಕೆಮ್ಮು."

ನಮ್ಮೂರು ಕಂಪ್ಲಿ ಹತ್ತಿರ, ಕಾಲುವೆ ನೀರಿನ ಭತ್ತದ ಸೀಮೆ. ಮನೆಯ ಹಿಂದಿನ ಅರ್ಧ ಅಜ್ಜ ಕಟ್ಟಿಸಿದ್ದು: ಕಲ್ಲು, ಮಣ್ಣು, ಮೇಲೆ ಸುಣ್ಣದ ಗಾರೆ. ಮುಂದಿನ ಅರ್ಧ ನನಗೆ ಕೆಲಸ ಸಿಕ್ಕ ಮೇಲೆ ಇಟ್ಟಿಗೆ, ಸಿಮೆಂಟಿನಲ್ಲಿ ಎದ್ದಿದ್ದು. ಹಿಂದಿನ ಗೋಡೆಯಿಂದ ಹತ್ತು ಹೆಜ್ಜೆ ಇಟ್ಟರೆ ಗದ್ದೆ.

ಪ್ರತಿ ದಸರಾಕ್ಕೆ ಅಪ್ಪ ಸುಣ್ಣದ ಹರಳು ತಂದು ಗಡಿಗೆಯಲ್ಲಿ ಅರಳಿಸ್ತಿದ್ದ. ಅದು ಕೊತಕೊತ ಕುದಿಯೋದನ್ನ ನೋಡೋಕೆ ನಾವು ಹುಡುಗರೆಲ್ಲ ದೂರ ನಿಲ್ತಿದ್ವಿ. ಆಮೇಲೆ ಸೋಸಿ, ಚೂರು ನೀಲಿ ಹಾಕಿ, ನಾರಿನ ಕುಂಚ ಹಿಡಿದು ಏಣಿ ಹತ್ತೋದು. ಆರು ವರ್ಷದ ಹಿಂದೆ ಅದೇ ಏಣಿಯಿಂದ ಜಾರಿ ಬಿದ್ದ. ಮೂಳೆ ಮುರೀಲಿಲ್ಲ, ಆದರೆ ಮೊಣಕಾಲು ಮೊದಲಿನ ಹಾಗಾಗಲಿಲ್ಲ. ನಾನು ಹೆದರಿಬಿಟ್ಟೆ. ಬೆಂಗಳೂರಲ್ಲಿ ಕೂತು ಎಲ್ಲರೂ ಮಾಡೋದನ್ನೇ ಮಾಡಿದೆ: ದುಡ್ಡು ಕಳಿಸಿದೆ.

ಹೊಸಪೇಟೆಯಿಂದ ಬಂದ ಗುತ್ತಿಗೆದಾರ ಇಡೀ ಮನೆಗೆ ಹೊರಗಿಂದ ಅಕ್ರಿಲಿಕ್ ಟೆಕ್ಸ್ಚರ್ ಬಳಿದ. ಹಳೇ ಗೋಡೆ ಸಮ ಇಲ್ಲ ಅಂತ ಅದರ ಮೇಲೆ ಮೊದಲು ಸಿಮೆಂಟ್ ಪ್ಲಾಸ್ಟರ್, ಆಮೇಲೆ ಟೆಕ್ಸ್ಚರ್. "ಮೆಂಟೇನೆನ್ಸ್ ಫ್ರೀ ಸರ್, ಏಳು ವರ್ಷ ಈ ಕಡೆ ನೋಡೋದೇ ಬೇಡ" ಅಂದ. ನನಗೆ ಬೇಕಿದ್ದ ಮಾತೂ ಅದೇ. ಅಪ್ಪ ಮಾತ್ರ, "ಗ್ವಾಡಿಗೆ ಪ್ಲಾಸ್ಟಿಕ್ ಅಂಗಿ ಹಾಕಿಸಿದಿ ಬಿಡು" ಅಂದು ಸುಮ್ಮನಾದ.

ಅಪ್ಪ ಅಂದಿದ್ದು ಅಕ್ಷರಶಃ ನಿಜ ಅಂತ ತಿಳಿಯೋಕೆ ನಾನು ಗೋಡೆ ಒಡೆಸಬೇಕಾಯ್ತು.

ಆ ಶನಿವಾರ ಊರಿಗೆ ಹೋಗಿ ನೋಡಿದೆ. ಮುಂದಿನ ಗೋಡೆ ಕಿಟಕಿ ಮೂಲೆಗಳ ಒಂದೆರಡು ಬಿರುಕು ಬಿಟ್ಟರೆ ಚೆನ್ನಾಗೇ ಇತ್ತು. ಹಿಂದಿನದು ನೆಲದಿಂದ ಮೂರಡಿ ಎತ್ತರದವರೆಗೆ ಬೊಬ್ಬೆ ಎದ್ದಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ಬೊಬ್ಬೆ ಒಡೆದೆ. ರಬ್ಬರ್ ಹಾಳೆಯ ಹಾಗೆ ಸುಲಿದು ಬಂತು. ಒಳಗೆ ಒದ್ದೆ ಮತ್ತು ಬಿಳಿ ಉಪ್ಪು. ಅಪ್ಪನ ಕೋಣೆಯೊಳಗಂತೂ ಗೋಡೆಯ ಬುಡ ಕಪ್ಪಗೆ ಬೂಸ್ಟು ಹಿಡಿದಿತ್ತು.

ಕಮಲಾಪುರದ ಕಡೆಯ ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯನ್ನ ಅಪ್ಪನೇ ಕರೆಸಿದ. ಹಂಪಿಯ ಹಳೇ ಕಟ್ಟಡಗಳ ದುರಸ್ತಿಗೆ ಹೋಗಿ ಬಂದ ಕೈ. ಆತ ಹೇಳಿದ್ದು ಇಷ್ಟು: ಗದ್ದೆಯ ನೀರು ತಳಪಾಯದಿಂದ ಮೇಲಕ್ಕೆ ಏರುತ್ತೆ, ದೀಪದ ಬತ್ತಿಗೆ ಎಣ್ಣೆ ಏರೋ ಹಾಗೆ. ಮೊದಲೂ ಏರ್ತಿತ್ತು. ಸುಣ್ಣದ ಗಾರೆಯಲ್ಲಿ ಸಣ್ಣ ರಂಧ್ರಗಳಿರೋದರಿಂದ ಹೊರಗೆ ಬಿಸಿಲಿಗೆ ಆರಿ ಹೋಗ್ತಿತ್ತು. ಈಗ ಹೊರಗಿನ ದಾರಿ ಬಂದ್. ನೀರು ಮನೆಯೊಳಗೆ ದಾರಿ ಹುಡುಕ್ತು. ಜೊತೆಗೆ ಬಂದ ಸವಳು ಗೋಡೆಯಲ್ಲಿ ಹರಳುಗಟ್ಟಿ ಪದರವನ್ನ ಹೊರಕ್ಕೆ ನೂಕ್ತು.

ಇದನ್ನ ಕೇಳಿದಾಗ ನಾರ್ತ್ ಕೆರೊಲಿನಾ ನೆನಪಾಯ್ತು. ಆನ್‌ಸೈಟ್ ಅಂತ ಅಲ್ಲಿದ್ದಾಗ ನನ್ನ ಬಾಡಿಗೆ ಮನೆಯ ಹೊರಗೋಡೆ ತಟ್ಟಿದರೂ ಹೀಗೇ ಟೊಳ್ಳು ಸದ್ದು. ಅದು ಸಿಂಥೆಟಿಕ್ ಸ್ಟಕೋ: ಥರ್ಮೋಕೋಲ್ ಹಲಗೆ, ಅದರ ಮೇಲೆ ಜಾಲರಿ, ಮೇಲೆ ಅಕ್ರಿಲಿಕ್ ಗಾರೆ. ಯುರೋಪಿನಲ್ಲಿ ಇಟ್ಟಿಗೆ ಗೋಡೆಗಳ ಮೇಲೆ ಚೆನ್ನಾಗಿ ಬಾಳಿದ್ದ ಪದ್ಧತಿ ಇದು. ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗಳಿಗೆ ಹಾಕಿದರು. 1990ರ ದಶಕದ ನಡುವೆ ಅದೇ ರಾಜ್ಯದ ವಿಲ್ಮಿಂಗ್ಟನ್ ಊರಲ್ಲಿ ತೆರೆದು ನೋಡಿದರೆ ಮನೆ ಮನೆಯಲ್ಲೂ ಒಳಗಿನ ಮರ ಕೊಳೆತಿತ್ತು. ಕಿಟಕಿ ಸಂದಿಯಿಂದ ಒಳಹೊಕ್ಕ ನೀರಿಗೆ ಹೊರಬರೋ ದಾರಿ ಇರಲಿಲ್ಲ. ಆಮೇಲೆ ನೀರು ಇಳಿದುಹೋಗಲು ಹಿಂದೆ ಸಂದು ಬಿಡೋ ವಿನ್ಯಾಸ ಬಂತು. ಕೊನೇ ತನಕ ಸಮಸ್ಯೆ ಹೊರಗೆ ಕಾಣದೇ ಇರೋದೇ ಇದರ ಅಪಾಯ. ಎರರ್ ಲಾಗ್ ಆಫ್ ಮಾಡಿ ಸಿಸ್ಟಮ್ ಚೆನ್ನಾಗಿದೆ ಅಂದುಕೊಂಡ ಹಾಗೆ.

ಮೇಸ್ತ್ರಿ ಜೊತೆ ಒಂದು ದಿನ ಹಂಪಿಗೆ ಹೋದೆ. ಎಷ್ಟೋ ಸಲ ನೋಡಿದ ಜಾಗ, ಗೋಡೆ ನೋಡೋಕೆ ಹೋಗಿದ್ದು ಮೊದಲ ಸಲ. ನಾವು ಹಂಪಿ ಅಂದರೆ ಕಲ್ಲು ಅಂತೀವಿ. ವಿರೂಪಾಕ್ಷನ ಗೋಪುರದ ಬುಡ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ, ಗೊಂಬೆಗಳು ಗಾರೆ. ಕಮಲ ಮಹಲಿನ ಕಮಾನುಗಳ ಕುಸುರಿಯೂ ಗಾರೆಯೇ. 1565ರ ಯುದ್ಧ ಕಳೆದು ನಾಲ್ಕೂವರೆ ಶತಮಾನ ಆದರೂ ಅಲ್ಲಲ್ಲಿ ಬಳ್ಳಿ, ಹಕ್ಕಿ ಉಳಿದಿವೆ. "ಹಂಗೇ ಉಳೀಲಿಲ್ಲಪ್ಪ. ಗೋಪುರಕ್ಕ ಎಷ್ಟು ಸಲ ಕೈ ಹಾಕ್ಯಾರ ಯಾರಿಗ್ಗೊತ್ತು. ನೋಡವರು ಇದ್ರು, ಉಳೀತು" ಅಂದ ಮೇಸ್ತ್ರಿ.

ಹಿಂದಿನ ಗೋಡೆಯ ಟೆಕ್ಸ್ಚರ್, ಸಿಮೆಂಟ್ ಎರಡನ್ನೂ ಕಿತ್ತಿಸಿದೆವು. ಉಪ್ಪನ್ನ ಒಣಗಿದ ಬ್ರಷ್ಷಲ್ಲಿ ಉಜ್ಜಿ ತೆಗೆದು, ಬೇಸಿಗೆ ಮುಗಿಯೋ ತನಕ ಗೋಡೆಯನ್ನ ಬರಿಮೈಯಲ್ಲಿ ಬಿಟ್ಟೆವು. ಬುಡದ ಸುತ್ತ ಏರಿದ್ದ ಮಣ್ಣು ತೆಗೆದು ನೀರು ಹರಿಯೋಕೆ ಕಾಲುವೆ ತೋಡಿಸಿದೆ. ಆಮೇಲೆ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಗಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗೋದು ನಿಧಾನದ ಕೆಲಸ. ಅಪ್ಪ ದಿನಾ ಎರಡು ಹೊತ್ತು ನೀರು ಚಿಮುಕಿಸಿದ. ಅದಕ್ಕೆ ಏಣಿ ಬೇಕಿರಲಿಲ್ಲ.

ಮುಂದಿನ ಗೋಡೆಯ ಟೆಕ್ಸ್ಚರ್ ಹಾಗೇ ಉಳಿಸಿದೆ. ಅದು ಕೆಟ್ಟ ವಸ್ತು ಅಲ್ಲ. ಒಣಗಿದ ಸಿಮೆಂಟ್ ಗೋಡೆಗೆ ಸರಿಯಾಗೇ ಇದೆ. ನೋಡಿಕೊಳ್ಳಬೇಕು ಅಷ್ಟೇ. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಮನೆಗೆ ಒಂದು ಸುತ್ತು ಹಾಕಬೇಕು. ಕಿಟಕಿ ಚೌಕಟ್ಟಿನ ಸುತ್ತ, ಪೈಪು ತೂರಿಸಿದ ತೂತುಗಳಲ್ಲಿ ಸೀಲೆಂಟ್ ಬಿರಿದಿದೆಯಾ, ಪ್ಯಾರಪೆಟ್ ಮೇಲೆ ಬಿರುಕಿದೆಯಾ, ಸಜ್ಜಾದ ನೀರು ಗೋಡೆಗೆ ಅಂಟಿಕೊಂಡು ಇಳೀತಿದೆಯಾ ನೋಡಬೇಕು. ತಟ್ಟಿ ಕೇಳಬೇಕು. ತೊಳೆಯೋಕೆ ಮೆತ್ತನೆ ಬ್ರಷ್, ಸಾಬೂನು ನೀರು ಸಾಕು. ಜೋರು ಪ್ರೆಷರ್ ಪಂಪ್ ಹಿಡಿದರೆ ಬಿರುಕಿನೊಳಕ್ಕೆ ನಾವೇ ನೀರು ನುಗ್ಗಿಸಿದ ಹಾಗೆ. ಮುಖ್ಯವಾಗಿ, ಒದ್ದೆ ಎಲ್ಲಿಂದ ಬಂತು ಅಂತ ತಿಳಿಯದೆ ಮೇಲೆ ಬಣ್ಣ ಬಳಿಯಬಾರದು.

ಸಂಡೂರಿನ ನನ್ನ ಅತ್ತೆಮನೆಯಲ್ಲಿ ಸಮಸ್ಯೆ ಬೇರೆ. ಅದಿರಿನ ಕೆಂಪು ಧೂಳು ಟೆಕ್ಸ್ಚರಿನ ಗೆರೆಗೆರೆಯಲ್ಲೂ ಕೂತು, ಮೊದಲ ಮಳೆಗೆ ಕುಂಕುಮದ ನೀರಿನ ಹಾಗೆ ಇಳಿಯುತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಗೋಡೆ ಒಂದಷ್ಟು ದಿನ ಬೆಳ್ಳಗಿತ್ತು, ಮನೆಯ ಆದಾಯವೂ ಬೆಳ್ಳಗಾಗಿತ್ತು ಅಂತ ಮಾವ ನಗ್ತಾರೆ. ಅವರಿಗೆ ನನ್ನ ಸಲಹೆ: ಮುಂದಿನ ಸಲ ನುಣುಪು ಗೋಡೆ, ಇಟ್ಟಿಗೆ ಬಣ್ಣ.

ಅಪ್ಪನ ಕೆಮ್ಮು ಪೂರ್ತಿ ಹೋಗಿಲ್ಲ. ಮಂಚ ಮಾತ್ರ ಹಳೇ ಜಾಗಕ್ಕೆ ವಾಪಸ್ ಬಂದಿದೆ.

ಆ ಗುತ್ತಿಗೆದಾರನ ಮೇಲೆ ನನಗೆ ಈಗ ಸಿಟ್ಟಿಲ್ಲ. ಈ ಕಡೆ ನೋಡೋದೇ ಬೇಡ ಅನ್ನೋ ಮಾತಿಗೆ ದುಡ್ಡು ಕೊಟ್ಟವನು ನಾನು. ಆ ಐದು ವರ್ಷದಲ್ಲಿ ಎಷ್ಟು ದಸರಾಕ್ಕೆ ಊರಿಗೆ ಹೋಗಿದ್ದೆ ಅಂತ ಲೆಕ್ಕ ಹಾಕಿದೆ. ಒಂದು.

ಈ ವರ್ಷದ ರಜೆಗೆ ಈಗಲೇ ಅರ್ಜಿ ಹಾಕಿದ್ದೀನಿ. ಸುಣ್ಣದ ಗೋಡೆಗೆ ವರ್ಷಕ್ಕೊಂದು ಸಲ ಕೈ ಆಡಿಸಬೇಕಲ್ಲ. ಏಣಿ ನಾನು ಹತ್ತೋದು, ಕೆಳಗೆ ಹಿಡಿಯೋದು ತಾನು ಅಂತ ಅಪ್ಪ ಮೊದಲೇ ಹೇಳಿಟ್ಟಿದ್ದಾನೆ.